ಹೇಳಿದರೆ ನಾಟದ ಮದ್ದು

ಪೆರಿಕಲ್ಲೂರಿನ ಕಡವಿನಲ್ಲಿ ದೋಣಿ ಹತ್ತುವವರು, ಇಳಿಯುವವರು ಎಲ್ಲರೂ ಡಾಕ್ಟರುಗಳೇ ಎಂಬುದು ನಾಗರತ್ನಮ್ಮನಿಗೆ ತಿಳಿದದ್ದು ಮೊಮ್ಮಗಳ ಕಾಯಿಲೆ ಮರಳಿ ಬಂದಾಗ. ಅಲ್ಲಿಯವರೆಗೆ ಆ ಜನ ಚಹಾ ಕುಡಿದು, ಹಾಲು ಕಡಿಮೆಯಾಯಿತೆಂದು ತಕರಾರು ತೆಗೆದು, ಬೀಡಿ ಹಚ್ಚಿಕೊಂಡು ಹೋಗುವವರು ಅಷ್ಟೇ ಎಂದುಕೊಂಡಿದ್ದಳು. ಕಬಿನಿಯ ಈಚೆ, ಕೇರಳದ ದಡದಲ್ಲಿ ಅವಳ ಚಹಾದಂಗಡಿ, ಆಚೆ ದಡದಲ್ಲಿ ಕರ್ನಾಟಕ. ದೋಣಿ ನೀರು ದಾಟುವಷ್ಟು ಹೊತ್ತಿನಲ್ಲೇ ಒಬ್ಬೊಬ್ಬನೂ ಕ್ಯಾನ್ಸರಿಗೆ ಒಂದೊಂದು ಔಷಧಿ ಕಂಡುಹಿಡಿದು, ಅಂಗಡಿಯ ಬೆಂಚಿನ ಮೇಲೆ ಕೂತು ಪುಕ್ಕಟೆ ಹಂಚುತ್ತಿದ್ದ.

ಒಬ್ಬ ಲಕ್ಷ್ಮಣಫಲದ ಎಲೆ ಕುದಿಸಿ ಕುಡಿಸಿ ಅಂದ. ಇನ್ನೊಬ್ಬ ಮಗುವಿಗೆ ಸಕ್ಕರೆ ಮುಟ್ಟಿಸಬೇಡಿ, ಸಕ್ಕರೆಯೇ ಗೆಡ್ಡೆಗೆ ಗೊಬ್ಬರ ಅಂದ. ಅಂದವನು ತನ್ನ ಲೋಟಕ್ಕೆ ಇನ್ನೊಂದು ಚಮಚ ಹಾಕಿಸಿಕೊಂಡ. ದೋಣಿ ನಡೆಸುವ ಮಣಿಕಂಠನ್, ಹಲ್ಲುನೋವು ಬಂದಾಗ ಕೆನ್ನೆ ಹಿಡಿದುಕೊಂಡು ಅಳುತ್ತಾ ಪುಲ್ಪಳ್ಳಿಯ ಡಾಕ್ಟರ ಹತ್ತಿರ ಓಡಿದವನು, ಇಂಗ್ಲಿಷ್ ಮದ್ದಿನಿಂದಲೇ ಕಾಯಿಲೆ ಹೆಚ್ಚುವುದು ಎಂದು ತೀರ್ಪು ಕೊಟ್ಟ. ಒಂದು ಹಲ್ಲನ್ನು ಸಂಭಾಳಿಸಲಾಗದವನಿಗೆ ನನ್ನ ಮೊಮ್ಮಗಳ ಕಿಡ್ನಿಯ ಉಸಾಬರಿ ಯಾಕೆ ಎಂದು ನಾಗರತ್ನಮ್ಮ ಎಲ್ಲರ ಎದುರಿಗೇ ಕೇಳಿದಳು. ಬೆಂಚಿನವರು ನಕ್ಕರು. ಮಣಿಕಂಠನ್ ಆವತ್ತು ಚಹಾ ಕುಡಿಯದೆ ಹೋದ.

ನಾಗರತ್ನಮ್ಮನ ಬಾಯಿಗೆ ಇಡೀ ಕಡವು ಹೆದರುತ್ತಿತ್ತು. ಗಂಡ ಸತ್ತಮೇಲೆ ಆ ಅಂಗಡಿಯನ್ನೂ ಒಬ್ಬ ಮಗನನ್ನೂ ಸಾಕಿದ್ದು ಆ ಬಾಯಿಯೇ. ಮೂಗು ಮುರಿಯದೆ ಅವಳು ಯಾರನ್ನೂ ಒಳಗೆ ಬಿಟ್ಟುಕೊಂಡವಳಲ್ಲ. ಸೊಸೆ ಮಾನಸಾಳನ್ನೂ ಹಾಗೆಯೇ ಬಿಟ್ಟುಕೊಂಡಿದ್ದಳು. ಅವಳ ಬಾಯಿ ಮೆತ್ತಗಾಗುತ್ತಿದ್ದದ್ದು ಒಬ್ಬಳ ಮುಂದೆ ಮಾತ್ರ, ಮೊಮ್ಮಗಳು ಇಂಚರಳ ಮುಂದೆ.

ಇಂಚರಳಿಗೆ ಆರು ವರ್ಷ. ನಾಲ್ಕು ತುಂಬಿದಾಗ ಹೊಟ್ಟೆಯ ಎಡಗಡೆ ಗಟ್ಟಿಯಾಗಿ ಏನೋ ಕೈಗೆ ಸಿಕ್ಕಿತು. ಕಿಡ್ನಿಯಲ್ಲಿ ಗೆಡ್ಡೆ ಅಂದರು. ಚುರದ ಘಾಟಿ ಇಳಿದು ಕೋಝಿಕೋಡಿಗೆ ಹೋದರು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಗೆಡ್ಡೆಯ ಜೊತೆ ಆ ಕಿಡ್ನಿಯನ್ನೂ ತೆಗೆದು, ತಿಂಗಳುಗಟ್ಟಲೆ ಡ್ರಿಪ್ ಹಾಕಿ, ವಾಸಿಯಾಯಿತು ಎಂದು ಕಳಿಸಿದರು. ಕೂದಲು ಮತ್ತೆ ಬಂತು. ಜಡೆ ಹಾಕುವಷ್ಟು ಬೆಳೆಯಿತು. ಮಗು ಶಾಲೆಗೆ ಹೋಗಿ ಮಲಯಾಳದಲ್ಲಿ ಹಾಡು ಕಲಿತು ಬಂದು ಬೆಂಚಿನವರಿಗೆ ಹೇಳಿ ತೋರಿಸಿತು. ಆಮೇಲೆ ಒಂದು ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಚುಕ್ಕೆಗಳು ಕಂಡವು.

ಡಾಕ್ಟರ್ ಪ್ರಜಿತ್ ಎಳೆಯ ಮುಖದ, ಕಣ್ಣಿಗೆ ನಿದ್ದೆಯಿಲ್ಲದ ಮನುಷ್ಯ. ಮೊದಲ ಸಲಕ್ಕೆ ಈ ಕಾಯಿಲೆ ಹೆಚ್ಚಿನ ಮಕ್ಕಳಲ್ಲಿ ವಾಸಿಯಾಗುತ್ತದೆ, ಮರಳಿ ಬಂದರೆ ಕಷ್ಟ ಎಂದು ನೇರವಾಗಿ ಹೇಳಿದ. ಡ್ರಿಪ್ಪಿನಲ್ಲಿ ಕೊಡುವ ಎರಡು ಮದ್ದು ಇವೆ. ಅವಕ್ಕೆ ಮೂರನೆಯದೊಂದು ಮಾತ್ರೆಯನ್ನು ಜೋಡಿಸಿದರೆ ಹೆಚ್ಚು ಫಲ ಸಿಗುತ್ತದೆಯೋ ಎಂದು ಹಲವು ಊರುಗಳಲ್ಲಿ ಪರೀಕ್ಷೆ ನಡೆಯುತ್ತಿದೆ. ಒಪ್ಪಿದ ಮಕ್ಕಳಲ್ಲಿ ಕೆಲವರಿಗೆ ಮಾತ್ರೆ ಸಿಗುತ್ತದೆ, ಕೆಲವರಿಗೆ ಹಳೆಯ ಎರಡೇ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಆರಿಸುತ್ತದೆ ಎಂದ. ಅಂದರೆ ಚೀಟಿ ಎತ್ತುವುದು ಎಂದು ನಾಗರತ್ನಮ್ಮ ಅರ್ಥ ಮಾಡಿಕೊಂಡಳು. ಮೂರನೆಯದು ಸೇರಿಸಿದರೆ ವಾಸಿಯಾಗುತ್ತದೆಯೇ ಎಂದು ಕೇಳಿದಳು. ಗೊತ್ತಿಲ್ಲ ಅಮ್ಮ, ಗೊತ್ತಿದ್ದರೆ ಪರೀಕ್ಷೆ ಯಾಕೆ ಮಾಡುತ್ತಿದ್ದೆವು ಅಂದ ಡಾಕ್ಟರು.

ಇಷ್ಟು ದೊಡ್ಡ ಕಟ್ಟಡ, ಅದಕ್ಕೊಂದು ಲಿಫ್ಟು, ಲಿಫ್ಟಿಗೊಬ್ಬ ಕಾವಲುಗಾರ, ಎಲ್ಲಾ ಇಟ್ಟುಕೊಂಡು ಗೊತ್ತಿಲ್ಲ ಅನ್ನುತ್ತಾನಲ್ಲ ಎಂದು ನಾಗರತ್ನಮ್ಮನಿಗೆ ಮೈ ಉರಿಯಿತು. ಬಸ್ಸು ಚುರ ಹತ್ತುವಾಗ ಮಾತ್ರ ಇನ್ನೊಂದು ವಿಚಾರ ಹೊಳೆಯಿತು. ಕಡವಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಮಗುವಿನ ಕಾಯಿಲೆ ಶುರುವಾದಾಗಿನಿಂದ ಗೊತ್ತಿಲ್ಲ ಎಂದವನು ಇವನೊಬ್ಬನೇ. ಆ ಒಂದು ಮಾತಿಗೆ ಅವಳು ಅವನನ್ನು ನಂಬಿದಳು.

ಇಂಚರಳ ಪಾಲಿಗೆ ಮಾತ್ರೆ ಬಂತು. ಅದನ್ನು ಕೊಡುವಾಗ ನರ್ಸ್ ಧನ್ಯ ಮನೆಯವರನ್ನೆಲ್ಲ ಕೂರಿಸಿಕೊಂಡು ಎಚ್ಚರಿಕೆ ಹೇಳಿದಳು. ಈ ಮಾತ್ರೆ ಕರಗುವುದು ಲಿವರಿನಲ್ಲಿ. ಇದರ ಜೊತೆ ಬೇರೆ ಏನನ್ನೂ ಕೊಡಬೇಡಿ, ಕಷಾಯ ಬೇಡ, ಲೇಹ್ಯ ಬೇಡ, ಪುಡಿ ಬೇಡ. ಅಪ್ಪಿತಪ್ಪಿ ಕೊಟ್ಟರೆ ಹೇಳಿಬಿಡಿ, ಯಾರೂ ಬೈಯುವುದಿಲ್ಲ. ಮಗ ಚೆಲುವರಾಜು ತಲೆಯಾಡಿಸಿದ. ಸೊಸೆ ತಲೆಯಾಡಿಸಿದಳು. ಜೊತೆಗೆ ಬಂದಿದ್ದ ತಮ್ಮ ಗುರುಮೂರ್ತಿ, ಕೇಣಿಚಿರದಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು, ಎರಡು ಸಲ ತಲೆಯಾಡಿಸಿ, ಧನ್ಯ ಹೇಳಿದ್ದನ್ನೇ ಅವಳಿಗಿಂತ ಉದ್ದವಾಗಿ ಎಲ್ಲರಿಗೂ ವಿವರಿಸಿದ. ತಲೆಯಾಡಿಸುವ ವಿದ್ಯೆಯಲ್ಲಿ ಆ ಮನೆಯವರನ್ನು ಮೀರಿಸುವವರು ವಯನಾಡಿನಲ್ಲಿ ಇರಲಿಲ್ಲ.

ಮಾತ್ರೆ ಕೊಡುವ ಕೆಲಸವನ್ನು ನಾಗರತ್ನಮ್ಮ ತಾನೇ ವಹಿಸಿಕೊಂಡಳು. ಬೇರೆಯವರ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ, ಮತ್ತು ಆ ಅಪನಂಬಿಕೆಯನ್ನು ಅವಳು ಮುಚ್ಚಿಡಲೂ ಇಲ್ಲ.

ಮೊದಲ ಸ್ಕ್ಯಾನಿನಲ್ಲಿ ಚುಕ್ಕೆಗಳು ಸಣ್ಣಗಾಗಿದ್ದವು. ಮಾತ್ರೆಯಿಂದಲೋ ಡ್ರಿಪ್ಪಿನಿಂದಲೋ ಹೇಳಲಾರೆ ಅಂದ ಡಾಕ್ಟರು, ಆದರೆ ಹೇಳುವಾಗ ನಕ್ಕ. ಅವನು ನಕ್ಕದ್ದನ್ನು ಅವರೆಲ್ಲ ಮೊದಲು ನೋಡಿದ್ದು ಆವತ್ತು. ಅದಾದ ಮುಂದಿನ ಭೇಟಿಯಲ್ಲಿ ಆ ನಗು ಇರಲಿಲ್ಲ. ರಕ್ತಪರೀಕ್ಷೆಯಲ್ಲಿ ಲಿವರು ಕೆಟ್ಟಿತ್ತು.

ಎರಡರಲ್ಲಿ ಒಂದು, ಅಂದ ಡಾಕ್ಟರು. ಮಾತ್ರೆಯೇ ಲಿವರಿಗೆ ಪೆಟ್ಟು ಕೊಡುತ್ತಿದ್ದರೆ ಅದನ್ನು ಈ ಮಗುವಿಗೆ ಇನ್ನು ಕೊಡುವ ಹಾಗಿಲ್ಲ. ಬೇರೇನಾದರೂ ಹೊಟ್ಟೆಗೆ ಹೋಗುತ್ತಿದ್ದರೆ ಅದನ್ನು ನಿಲ್ಲಿಸಿದರೆ ಸಾಕು, ಲಿವರು ಸರಿಯಾದ ಮೇಲೆ ಮಾತ್ರೆ ಮತ್ತೆ ಶುರು ಮಾಡಬಹುದು. ಏನಾದರೂ ಕೊಟ್ಟಿದ್ದೀರಾ? ಮಾನಸಾ ಇಲ್ಲ ಅಂದಳು. ಚೆಲುವರಾಜು ಇಲ್ಲ ಅಂದ. ಗುರುಮೂರ್ತಿ ಇಂಗ್ಲಿಷಿನಲ್ಲಿ ಇಲ್ಲ ಅಂದ. ಸದ್ಯಕ್ಕೆ ಮಾತ್ರೆ ನಿಲ್ಲಿಸಿ, ಮುಂದಿನ ವಾರ ಬನ್ನಿ, ಅಷ್ಟರಲ್ಲಿ ಬೇರೆ ಕಾರಣ ಸಿಗದಿದ್ದರೆ ಮಾತ್ರೆಯ ಆಸೆ ಬಿಡಬೇಕು ಎಂದು ಡಾಕ್ಟರು ಕಳಿಸಿದ. ಸಣ್ಣಗಾಗಿದ್ದ ಚುಕ್ಕೆಗಳ ಗತಿಯೇನು ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಿತ್ತು.

ಮಾರನೆಯ ದಿನ ಮೊಮ್ಮಗಳ ಫ್ರಾಕು ಒಗೆಯುವಾಗ ನಾಗರತ್ನಮ್ಮನಿಗೆ ಕುತ್ತಿಗೆಯ ಪಟ್ಟಿಯ ಮೇಲೆ ಹಸಿರು ಕಲೆ ಕಂಡಿತು. ಮೂಸಿ ನೋಡಿದಳು. ಕಹಿ ವಾಸನೆ, ಒಂದಿಷ್ಟು ಶುಂಠಿ, ಕೆಳಗೆಲ್ಲೋ ಕೊಳೆತ ಬೇರಿನ ನಾತ. ಆ ಸೀಮೆಯಲ್ಲಿ ಆ ವಾಸನೆ ಗೊತ್ತಿಲ್ಲದವರಿರಲಿಲ್ಲ. ಅದು ಸೋಮನ್ ವೈದ್ಯರ ಹಸಿರು ಮದ್ದು.

ಸೋಮನ್ ವೈದ್ಯರ ಮನೆ ಪನಮರ ಪೇಟೆಯಿಂದ ಆಚೆ. ಅಂಗಳದಲ್ಲಿ ಕರ್ನಾಟಕದ ನಂಬರಿನ ಕಾರುಗಳು ಸಾಲಾಗಿ ನಿಂತಿರುತ್ತವೆ, ಟೋಕನ್ ಕೊಡಲು ಒಬ್ಬ ಭಾವಮೈದ ಇದ್ದಾನೆ. ರೋಗಿ ಬರಬೇಕೆಂದಿಲ್ಲ, ಕಾಯಿಲೆಯ ಹೆಸರು ಹೇಳಿದರೆ ಸಾಕು. ಬಾಳೆಲೆಯಲ್ಲಿ ಕಟ್ಟಿದ ಹಸಿರು ಉಂಡೆ ಕೊಟ್ಟು ವೈದ್ಯರು ಹೇಳುವ ನಿಯಮ ಒಂದೇ. ಬರಿ ಹೊಟ್ಟೆಯಲ್ಲಿ ನಿಮ್ಮ ಕೈಯಿಂದಲೇ ಕೊಡಿ, ಕೊಡುವ ವಿಷಯ ಕಟ್ಟಿಕೊಂಡವರಿಗೂ ಹೇಳಬೇಡಿ, ಹೇಳಿದರೆ ಮದ್ದು ನಾಟುವುದಿಲ್ಲ. ಎಂಥ ಅನುಕೂಲದ ಮದ್ದು ಎಂದು ನಾಗರತ್ನಮ್ಮ ಎಷ್ಟೋ ಸಲ ಬೆಂಚಿನವರ ಮುಂದೆ ಆಡಿಕೊಂಡಿದ್ದಳು. ವಾಸಿಯಾದರೆ ವೈದ್ಯರ ಕೈಗುಣ, ಆಗದಿದ್ದರೆ ನೀವು ಎಲ್ಲೋ ಬಾಯಿಬಿಟ್ಟಿದ್ದೀರಿ. ಸತ್ತವರ ಮನೆಯವರು ತಮ್ಮದೇ ತಪ್ಪೆಂದು ಅತ್ತು, ಮುಂದಿನ ವರ್ಷ ಮಂಡಿನೋವಿಗೆ ಮತ್ತೆ ಅದೇ ಅಂಗಳಕ್ಕೆ ಹೋಗಿ ನಿಲ್ಲುತ್ತಾರೆ.

ಅವಳು ಮಾನಸಾಳನ್ನು ಕರೆದು ಕಲೆ ತೋರಿಸಿದಳು. ಪಾಲಕ್ ಸೊಪ್ಪಿನದಿರಬೇಕು ಅತ್ತೆ, ದೇವರಾಣೆಗೂ ನಾನೇನೂ ಕೊಟ್ಟಿಲ್ಲ ಎಂದಳು ಸೊಸೆ. ಹೇಳುವಾಗ ಅವಳ ತುಟಿ ಬೆಳ್ಳಗಾಗಿತ್ತು. ಬೈದು ಬಾಯಿಬಿಡಿಸೋಣ ಎಂದುಕೊಂಡಿದ್ದ ನಾಗರತ್ನಮ್ಮ ಆ ತುಟಿ ನೋಡಿ ಸುಮ್ಮನಾದಳು. ಇದು ಹಾಲಿಗೆ ನೀರು ಬೆರೆಸಿ ಹೇಳುವಂಥ ಸುಳ್ಳಲ್ಲ. ಬಾಯಿಬಿಟ್ಟ ಗಳಿಗೆಯಲ್ಲೇ ತನ್ನ ಮಗಳು ಕೈತಪ್ಪುತ್ತಾಳೆ ಎಂದು ನಂಬಿದವಳ ಸುಳ್ಳು. ಕುತ್ತಿಗೆ ಹಿಸುಕಿದರೂ ಅದು ಹೊರಗೆ ಬರುವಂತಿರಲಿಲ್ಲ.

ಇಂಚರಳನ್ನು ಕೇಳಿದಳು. ಮಗು ಕಿಟಕಿಯ ಕಡೆ ನೋಡಿ "ಎನಿಕ್ಕ್ ಅರಿಯಿಲ್ಲ", ನನಗೆ ಗೊತ್ತಿಲ್ಲ, ಅಂದಿತು. ಸುಳ್ಳು ಹೇಳುವಾಗ ಮಾತ್ರ ಮನೆಯಲ್ಲಿ ಮಲಯಾಳಕ್ಕೆ ಹಾರುವುದು ಅವಳ ಅಭ್ಯಾಸ. ಹಾಗಾದರೆ ಮಗುವಿನ ಬಾಯಿಗೂ ಬೀಗ ಬಿದ್ದಿದೆ ಎಂದು ಅಜ್ಜಿಗೆ ಗೊತ್ತಾಯಿತು.

ಡಾಕ್ಟರಿಗೆ ತಾನೇ ಫೋನು ಮಾಡಿ ಸೊಸೆಯ ಮೇಲೆ ಅನುಮಾನವಿದೆ ಅನ್ನಬಹುದಿತ್ತು. ಆದರೆ ಎಷ್ಟು ದಿನ ಕೊಟ್ಟಳು, ಯಾವಾಗ ನಿಲ್ಲಿಸಿದಳು ಎಂದು ಅವರು ಕೇಳಿದರೆ ಮಾನಸಾ ಮತ್ತೆ ದೇವರಾಣೆ ಹಾಕುತ್ತಾಳೆ, ಹಿತ್ತಲಲ್ಲಿ ಮತ್ತೆ ಉಂಡೆ ನುಂಗಿಸುತ್ತಾಳೆ. ಎರಡು ದಿನ ನಾಗರತ್ನಮ್ಮ ಯಾರನ್ನೂ ಬೈಯಲಿಲ್ಲ. ಬೆಂಚಿನವರು ಅವಳಿಗೆ ಹುಷಾರಿಲ್ಲವೆಂದು ತಿಳಿದರು. ಮೂರ್ಖರ ನಿಯಮವನ್ನು ಮುರಿಯುವುದಕ್ಕೆ ಆ ನಿಯಮದ ಒಳಗೇ ಇಳಿಯಬೇಕು ಎಂದು ಅವಳಿಗೆ ಹೊಳೆದದ್ದು ಆ ಎರಡು ದಿನಗಳಲ್ಲಿ. ಇಳಿಯುವುದೆಂದರೆ ಕೆಸರು ಮೆತ್ತಿಕೊಳ್ಳುವುದು ಎಂಬುದೂ ಹೊಳೆಯಿತು.

ಭಾನುವಾರ ಗುರುಮೂರ್ತಿ ಸ್ಕೂಟರಿನಲ್ಲಿ ಬಂದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಇಂಚರ ಅಪ್ಪನ ಪಕ್ಕದಲ್ಲಿ ಹುರುಳಿ ಸಾರಿನ ಅನ್ನ ಕೆದಕುತ್ತಿದ್ದಳು. ನಾಗರತ್ನಮ್ಮ ಕೈ ತೊಳೆದು ಬಂದು ಗೋಡೆಗೆ ಒರಗಿ ನಿಂತು ಹೇಳಿದಳು.

"ಸೋಮನ್ ವೈದ್ಯರ ಹಸ್ರು ಮದ್ದ ನಾನು ಮಗೀಗೆ ಕೊಡ್ತಿದ್ದೆ. ಡಾಕ್ಟ್ರು ಕೇಳ್ದಾಗ ಬಾಯ್ಬುಡ್ನಿಲ್ಲ. ಈಗ ಹೇಳ್ಬುಟ್ಟೆ."

ಯಾರೂ ನಂಬಲಿಲ್ಲ. ಆ ವೈದ್ಯರನ್ನು ಅಷ್ಟು ಹೀಯಾಳಿಸಿದವಳು ಅವರ ಅಂಗಳದಲ್ಲಿ ನಿಂತಳೆಂದರೆ ನಂಬುವುದಾದರೂ ಹೇಗೆ? ಅವಳು ಟೋಕನ್ ಕೊಡುವ ಭಾವಮೈದನ ವಿಚಾರ ಹೇಳಿದಳು, ಬಾಳೆಲೆಯ ಕಟ್ಟಿನ ವಿಚಾರ ಹೇಳಿದಳು, ಮುಖ ಯಾರಿಗೂ ಕಾಣದಿರಲೆಂದು ತಲೆಗೆ ಸೆರಗು ಹೊದ್ದು ಹೋಗಿದ್ದೆ ಎಂದೂ ಸೇರಿಸಿದಳು. ಬೆಂಚಿನ ಮೇಲೆ ಕೇಳಿ ಕೇಳಿ ನಕ್ಕಿದ್ದ ಸುದ್ದಿಗಳೆಲ್ಲ ಈಗ ಕೈಹಿಡಿದವು. ಸೆರಗಿನ ಮಾತಿಗೆ ಮಾನಸಾ ನಂಬಿದಳು. ಅವಳೂ ಹಾಗೆಯೇ ಹೋಗಿದ್ದಿರಬೇಕು.

"ಯಾಕ್ ಹೇಳ್ಬುಟ್ರಿ ಅತ್ತೆ," ಅಂದಳು. "ಒಂದೇ ಮದ್ದಲ್ವಾ. ಒಬ್ರು ಹೇಳುದ್ರೆ ಎಲ್ಲಾರ್ದೂ ಹೋಯ್ತದೆ."

"ಎಲ್ಲಾರ್ದೂ ಅಂದ್ರೆ?" ಎಂದು ಚೆಲುವರಾಜು ಹೆಂಡತಿಯ ಕಡೆ ತಿರುಗಿದ. "ನೀನೂ ಕೊಡ್ತಿದ್ಯಾ?"

ಮಾನಸಾ ಅವನನ್ನೇ ನೋಡಿದಳು. ಆ "ನೀನೂ" ಎಂಬುದರ ಕೊನೆಯ ದೀರ್ಘ ಅವಳ ಕಿವಿಗೆ ಬಿದ್ದಿತ್ತು. ಅವನು ತಟ್ಟೆ ನೋಡಿಕೊಂಡ.

ಆಮೇಲೆ ಎಲ್ಲವೂ ಹೊರಬಂತು. ಮಾನಸಾ ಬೆಳಗ್ಗೆ ದನದ ಕೊಟ್ಟಿಗೆಯ ಹಿಂದೆ ಮಗುವನ್ನು ಕರೆದುಕೊಂಡು ಹೋಗಿ ಒಂದು ಉಂಡೆ ನುಂಗಿಸುತ್ತಿದ್ದಳು. ಚೆಲುವರಾಜು ಆಚೆ ದಡದಲ್ಲಿ ಗುತ್ತಿಗೆಗೆ ಹಿಡಿದ ಶುಂಠಿ ಹೊಲದಿಂದ ಸಂಜೆ ಬಂದವನು, ಮಗುವನ್ನು ನೀರು ತೋರಿಸುತ್ತೇನೆಂದು ಕಡವಿಗೆ ಕರೆದೊಯ್ದು ಇನ್ನೊಂದು ಉಂಡೆ ನುಂಗಿಸುತ್ತಿದ್ದ. ಒಂದೇ ವೈದ್ಯ, ಒಂದೇ ಬಾಳೆಲೆ, ಒಂದೇ ಮಗು. ವೈದ್ಯರು ಇಬ್ಬರಿಗೂ ಅದೇ ಗಂಭೀರ ಮುಖದಲ್ಲಿ ಅದೇ ಮಾತು ಹೇಳಿ ಕಳಿಸಿದ್ದರು. ಒಂದೇ ಚಾಪೆಯ ಮೇಲೆ ಮಲಗುವ ಗಂಡಹೆಂಡಿರು ಒಬ್ಬರ ಕಣ್ಣಿಗೆ ಒಬ್ಬರು ಮಣ್ಣೆರಚಿಕೊಂಡು ಮಗಳಿಗೆ ಎರಡರಷ್ಟು ಮದ್ದು ತುಂಬಿದ್ದರು.

ಗುರುಮೂರ್ತಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. ಅವನು ಕನ್ನಡಕ ಒರೆಸಿದರೆ ಏನೋ ಇದೆ ಎಂದು ಅಕ್ಕನಿಗೆ ಚಿಕ್ಕಂದಿನಿಂದ ಗೊತ್ತು. ನೀನೇನು ಕೊಟ್ಟೆ ಹೇಳು ಅಂದಳು. ಮೊಬೈಲಿನಲ್ಲಿ ನೋಡಿ ತರಿಸಿದ ಶಕ್ತಿಯ ಪುಡಿಯಂತೆ; ಬಂದಾಗಲೆಲ್ಲ ಹಾಲಿಗೆ ಹಾಕುತ್ತಿದ್ದನಂತೆ. ಅದು ಮದ್ದಲ್ಲ, ಆಹಾರ, ಆದ್ದರಿಂದ ಡಾಕ್ಟರ ಪ್ರಶ್ನೆಗೆ ಅದು ಸೇರುವುದಿಲ್ಲ ಎಂದು ಇಡೀ ಜೀವಮಾನ ಮಕ್ಕಳಿಗೆ ವಿಜ್ಞಾನ ಕಲಿಸಿದ ಮೇಷ್ಟ್ರು ವಾದಿಸಿದ.

"ನ್ಯಾಚುರಲ್ ಅಕ್ಕ ಅದು," ಅಂದ.

"ಕಾಸರಕನ ಕಾಯೂ ಮರದಲ್ಲೇ ಬುಡೋದು ಕಣ್ಲಾ," ಅಂದಳು ನಾಗರತ್ನಮ್ಮ. ಆ ವಿಷದ ಕಾಯಿ ಗೊತ್ತಿದ್ದ ಗುರುಮೂರ್ತಿ ಕನ್ನಡಕ ಏರಿಸಿಕೊಂಡ.

ಕೋಝಿಕೋಡಿನ ಆಸ್ಪತ್ರೆ ಮೂರು ಮದ್ದು ಜೋಡಿಸುವುದಕ್ಕೆ ಎಷ್ಟು ಹೆದರಿತ್ತು! ರಕ್ತ ನೋಡಿ, ತೂಕ ನೋಡಿ, ಹೃದಯ ನೋಡಿ, ಒಪ್ಪಿಗೆ ಕೇಳಿ, ಮತ್ತೊಮ್ಮೆ ರಕ್ತ ನೋಡಿ, ಆಮೇಲೆ ಒಂದು ಸಣ್ಣ ಮಾತ್ರೆ ಕೊಟ್ಟಿತ್ತು. ಈ ಮೂವರು ಪಂಡಿತರು ಅದರ ಮೇಲೆ ತಮ್ಮ ಕೈಗೆ ಸಿಕ್ಕಿದ್ದನ್ನೆಲ್ಲ ಜೋಡಿಸಿದ್ದರು, ಯಾವ ಹೆದರಿಕೆಯೂ ಇಲ್ಲದೆ, ಬರೀ ಪ್ರೀತಿಯಿಂದ. ಆ ಪ್ರೀತಿಯ ಮೇಲೆ ನಾಗರತ್ನಮ್ಮನಿಗೆ ಆಗ ಹೇಸಿಗೆ ಬಂತು. ದ್ವೇಷಿಸುವವರು ಇದರ ಅರ್ಧ ಹಾನಿಯನ್ನೂ ಮಾಡುತ್ತಿರಲಿಲ್ಲ.

ಅವಳು ಧನ್ಯಳಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ತಟ್ಟೆಗಳ ನಡುವೆ ಇಟ್ಟಳು. ಯಾವುದು, ಎಷ್ಟು, ಯಾವಾಗಿನಿಂದ ಎಂದು ಒಬ್ಬೊಬ್ಬರ ಬಾಯಿಂದಲೇ ಹೇಳಿಸಿದಳು. ಸರದಿ ತನಗೆ ಬಂದಾಗ, ನಾನು ಕೊಟ್ಟದ್ದು ಒಂದೆರಡು ದಿನ ಅಷ್ಟೇ ಎಂದು ಲೆಕ್ಕ ಕೆಡದಷ್ಟು ಮಾತ್ರ ಸುಳ್ಳು ಹೇಳಿದಳು. ಧನ್ಯ ಯಾರನ್ನೂ ಬೈಯಲಿಲ್ಲ. ಎಲ್ಲವನ್ನೂ ಇವತ್ತೇ ನಿಲ್ಲಿಸಿ, ಉಳಿದ ಉಂಡೆಯನ್ನೂ ಪುಡಿಯನ್ನೂ ಬರುವಾಗ ತನ್ನಿ, ಹೇಳಿದ್ದು ಒಳ್ಳೆಯದಾಯಿತು ಎಂದಳು.

ಒಳ್ಳೆಯದಾಯಿತೆಂದು ಮಾನಸಾಳಿಗೆ ಅನ್ನಿಸಲಿಲ್ಲ. ಫೋನು ಇಟ್ಟಮೇಲೆ ಅವಳು ಅತ್ತೆಯ ಮುಂದೆ ಬಂದು ನಿಂತಳು. ಮದುವೆಯಾಗಿ ಬಂದಾಗಿನಿಂದ ಅವಳು ಹಾಗೆ ಎದುರು ನಿಂತಿರಲಿಲ್ಲ.

"ನನ್ ಮಗೀಗೆ ಏನಾರಾ ಆದ್ರೆ ಅದು ನಿಮ್ ಬಾಯಿಂದ್ಲೇ ಅತ್ತೆ."

ಒಂದು ಗಳಿಗೆ ನಾಗರತ್ನಮ್ಮನ ನಾಲಿಗೆಯ ತುದಿಗೆ ನಿಜ ಬಂತು. ನಾನೇನೂ ಕೊಟ್ಟೇ ಇಲ್ಲ ಕಣೆ ದಡ್ಡಿ ಅನ್ನಬಹುದಿತ್ತು. ಅಂದರೆ, ಮೋಸದಿಂದ ಬಾಯಿಬಿಡಿಸಿದ್ದು ಲೆಕ್ಕಕ್ಕಿಲ್ಲ, ಮದ್ದು ಮುರಿದಿಲ್ಲ ಎಂದು ಇವಳು ನಾಳೆ ಬೆಳಗ್ಗೆಯೇ ಕೊಟ್ಟಿಗೆಯ ಹಿಂದೆ ಹೋಗುತ್ತಾಳೆ. "ಆಗ್ಲಿ," ಅಂದಳು. "ನನ್ ಮೇಲೇ ಹಾಕು."

ಸುದ್ದಿ ಕಡವಿಗೆ ಹೋಗಲು ದೋಣಿ ಬೇಕಾಗಲಿಲ್ಲ. ಪಕ್ಕದ ಮನೆಯ ಜಾನು ಸಾಕಾದಳು. ಮಣಿಕಂಠನ್ ಎಷ್ಟೋ ದಿನಗಳ ಮೇಲೆ ಬಂದು ಬೆಂಚಿನ ಮೇಲೆ ಆರಾಮವಾಗಿ ಕೂತು ಚಹಾ ಕೇಳಿದ. ಅಂಗಡಿಯ ಚೇಚಿ ಕೂಡ ಸೆರಗು ಹೊದ್ದು ವೈದ್ಯರ ಹತ್ತಿರ ಹೋಗಿದ್ದರಂತೆ ಎಂದು ಗಾಳಿಗೆ ಹೇಳಿದ. ಬೆಂಚಿನವರು ನಕ್ಕರು. ಅವಳಿಗೆ ಬಂದ ಕೋಪಕ್ಕೆ ಕುದಿಯುವ ಹಾಲು ಅವನ ತಲೆಗೆ ಸುರಿಯಬೇಕಿತ್ತು. ಅದನ್ನು ಲೋಟಕ್ಕೆ ಸುರಿದು, ಸಕ್ಕರೆ ಹೆಚ್ಚಾಗಿಯೇ ಹಾಕಿ ಕೊಟ್ಟಳು. ಅವನ ಹಲ್ಲುನೋವಿನ ಬಗ್ಗೆ ಅವಳು ಆಡಿದ ಮಾತಿಗೆ ಇನ್ನು ಮುಂದೆ ಕಡವಿನಲ್ಲಿ ಬೆಲೆಯಿರಲಿಲ್ಲ.

ಎರಡು ವಾರಕ್ಕೆ ಲಿವರು ಸುಧಾರಿಸಿತು. ಇನ್ನೊಂದು ವಾರ ಕಾದು, ಮತ್ತೆ ರಕ್ತ ನೋಡಿ, ಡಾಕ್ಟರ್ ಪ್ರಜಿತ್ ಮಾತ್ರೆಯನ್ನು ಮರಳಿ ಕೊಟ್ಟ. ಕಾರಣ ಹೊರಗಿತ್ತು, ಇಂಚರ ಪರೀಕ್ಷೆಯಲ್ಲಿ ಮುಂದುವರಿಯಬಹುದು ಅಂದ. ಚುಕ್ಕೆಗಳು ಪೂರ್ತಿ ಹೋಗುತ್ತವೆಯೇ ಎಂದು ಮಾನಸಾ ಕೇಳಿದಾಗ, ಗೊತ್ತಿಲ್ಲ ಅಂದ. ಮಾನಸಾ ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಮನೆಯಲ್ಲಿ ಅವಳು ಅತ್ತೆಗೆ ಅನ್ನ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ.

ಊರಿಗೆ ಬಂದ ಮಾರನೆಯ ದಿನ ಮಧ್ಯಾಹ್ನ ದೋಣಿ ಆಚೆ ದಡದಲ್ಲಿತ್ತು, ಅಂಗಡಿ ಖಾಲಿಯಿತ್ತು. ನಾಗರತ್ನಮ್ಮ ಮೊಮ್ಮಗಳನ್ನು ಬೆಂಚಿನ ಮೇಲೆ ಕೂರಿಸಿ ಮಾತ್ರೆ ಕೊಟ್ಟು ನೀರು ಕುಡಿಸಿದಳು. ಇಂಚರ ನುಂಗಿ, ಬಾಯಿ ಆ ಮಾಡಿ ತೋರಿಸಿದಳು. ಕೂದಲಿಲ್ಲದ ತಲೆಗೆ ಅಜ್ಜಿಯ ಹಳೆಯ ಟವೆಲು ಸುತ್ತಿಕೊಂಡಿದ್ದಳು.

"ಅಜ್ಜಿ, ಅಮ್ಮ ಮದ್ದು ಕೊಟ್ರು. ಅಪ್ಪ ಕೊಟ್ರು. ಗುರು ತಾತ ಪುಡಿ ಕೊಟ್ರು," ಅಂದಳು. "ನೀನು ಯಾವತ್ತೂ ಕೊಟ್ಟೇ ಇಲ್ವಲ್ಲ."

ಆ ಮನೆಯಲ್ಲಿ ಯಾರು ಏನು ಕೊಟ್ಟರೆಂದು ಮೊದಲಿನಿಂದಲೂ ಸರಿಯಾಗಿ ಗೊತ್ತಿದ್ದದ್ದು ಈ ಮಗುವೊಂದಕ್ಕೇ ಎಂಬುದನ್ನು ಇಷ್ಟು ಬುದ್ಧಿವಂತೆಯಾದ ನಾಗರತ್ನಮ್ಮ ಯೋಚಿಸಿಯೇ ಇರಲಿಲ್ಲ. ಭಾನುವಾರ ಊಟದ ಹೊತ್ತಿಗೆ ಅದು ಅಪ್ಪನ ಪಕ್ಕದಲ್ಲಿ ಕೂತು ಅಜ್ಜಿಯ ಸುಳ್ಳನ್ನು ಪೂರ್ತಿ ಕೇಳಿ ಸುಮ್ಮನಿತ್ತು.

"ಈಗ ಕೊಟ್ನಲ್ಲವ್ವ," ಅಂದಳು.

"ಇದು ಆಸ್ಪತ್ರೇದು. ನಿಂದು ಯಾವ್ದು?"

ಎಲ್ಲರೂ ನನ್ನನ್ನು ಉಳಿಸಿಕೊಳ್ಳಲು ಏನೋ ತಂದರು, ನೀನೊಬ್ಬಳು ಯಾಕೆ ತರಲಿಲ್ಲ ಎಂದು ಮಗು ಕೇಳುತ್ತಿತ್ತು. ಲಿವರು, ಲೆಕ್ಕ, ಮೂರ್ಖರ ನಿಯಮ ಇವೆಲ್ಲ ಆರು ವರ್ಷದ ಕಣ್ಣಿನ ಮುಂದೆ ನಿಲ್ಲುವ ಮಾತುಗಳಲ್ಲ. ನಾಗರತ್ನಮ್ಮನಿಗೆ ಅಳು ಬಂತು, ತಡೆದುಕೊಂಡಳು.

"ನಂದು ಯಾವ್ದೂ ಇಲ್ಲ ಕಣವ್ವ," ಅಂದಳು.

ಇಂಚರ, ದೋಣಿ ಬರುತ್ತಿದೆಯೇ ಎಂದು ನೀರಿನ ಕಡೆ ಒಮ್ಮೆ ತಿರುಗಿ, ಬೆಂಚಿನಿಂದ ಇಳಿದು ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಇರ್ಲಿ ಬುಡು ಅಜ್ಜಿ. ನೀನು ಏನೂ ಕೊಟ್ಟಿಲ್ಲ ಅಂತ ನಾನು ಯಾರ್ಗೂ ಹೇಳಲ್ಲ."